ಧೂಳು ಗುಡ್ಡದ ಕಡೆ ತಿರುಗಿದ ವರ್ಷ

ಹಿಂದೂಪುರದ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಹಳೆಯ ಮಿಷನ್ನು, ಬೆಳಿಗ್ಗೆಯಿಂದ ಬಿಡುವಿಲ್ಲದೆ ಓಡಿ ಕಾದು ಹೋಗಿತ್ತು. ಅದರ ಪಕ್ಕದಿಂದ ಒಂದು ವಾಸನೆ ಬಂತು. ಸುಟ್ಟಿದ್ದರದ್ದಲ್ಲ, ಹೊಗೆಯದ್ದೂ ಅಲ್ಲ. ಮೂಗಿನೊಳಗೆ ಚೂಪಾಗಿ ಕೂತು, ನಾಲಗೆಯ ಮೇಲೆ ತಾಮ್ರದ ಚೆಂಬಿನ ರುಚಿ ಬಿಡುವ ವಾಸನೆ. ಕಿಡಿ ಹಾರಿದ ಗಾಳಿಗೆ ಇಂಥ ವಾಸನೆ ಇರುತ್ತದೆ. ಓಜೋನ್ ಎಂದು ನಾನೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಅಂಗಡಿಯವರು ನನ್ನ ಹಾಳೆಗಳನ್ನು ಚಾಚಿದಾಗ ನಾನು ಅಲ್ಲಿರಲಿಲ್ಲ. ಯಾವಾಗಲೋ ಮೆಟ್ಟಿಲಿಳಿದು ರಸ್ತೆಯ ಅಂಚಿಗೆ ಬಂದುಬಿಟ್ಟಿದ್ದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ವಾಸನೆಯಿಂದ ನೆನಪು ಮರಳುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಮರಳಿದ್ದು ಹೆದರಿಕೆ ಮಾತ್ರ. ಅದರ ಹಿಂದಿನ ಕಥೆಯನ್ನು ಆಮೇಲೆ ಕೂತು ಜೋಡಿಸುತ್ತೇನೆ, ಪ್ರತಿ ಸಲ ಸ್ವಲ್ಪ ಬೇರೆ ಥರ. ಈ ಸಲವೂ ಜೋಡಿಸುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬರೆಯುತ್ತೇನೆ. ಅಷ್ಟೇ ನನ್ನ ಕೈಲಾಗುವುದು.

ಕೊರೊನಾಕ್ಕೆ ಮುಂಚೆ ನಾನು ಹಿಂದೂಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ, ಫಿಸಿಕ್ಸಿಗೆ. ಮುಚ್ಚಿದ ಕಾಲೇಜು ಮತ್ತೆ ತೆರೆದಾಗ ನನ್ನನ್ನು ಕರೆಯಲಿಲ್ಲ. ದೊಡ್ಡಮ್ಮನ ಮಗ, ಕಲ್ಯಾಣದುರ್ಗದ ಹತ್ತಿರ ಒಂದು ಕಲ್ಲಿನ ಕ್ರಷರ್‌ನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕಂಪ್ಯೂಟರ್ ನೋಡಿಕೊಳ್ಳಲು ಜನ ಬೇಕಂತೆ ಎಂದ. ಹೋದೆ. ದೀಪಾವಳಿಯಿಂದ ಮುಂದಿನ ಮೇ ತಿಂಗಳವರೆಗೆ ಇದ್ದೆ. ಇದನ್ನು ಒಂದು ವರ್ಷ ಎಂದು ಹೇಳಿಕೊಂಡು ಬಂದಿದ್ದೇನೆ. ಲೆಕ್ಕ ಹಾಕಿದರೆ ಏಳು ತಿಂಗಳೂ ಆಗುವುದಿಲ್ಲ.

ಶನಿವಾರ ಸಂಜೆ ಪಾವಗಡ, ರೊದ್ದಂ ಮೇಲೆ ಬರುವ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ಬಸ್ಸು ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತಿತ್ತು. ಒಳಗಿದ್ದವರು ಎರಡು ಭಾಷೆಯಲ್ಲೂ ಒಂದೇ ಸಮನೆ ಜಗಳ ಆಡುತ್ತಿದ್ದರು, ಗಡಿ ಯಾವಾಗ ದಾಟಿತು ಎಂದು ಯಾರೂ ಕಿಟಕಿಯ ಆಚೆ ನೋಡಿದವರಲ್ಲ. ಸೋಮವಾರ ಬೆಳಿಗ್ಗೆ ವಾಪಸ್ಸು. ದೂರದಿಂದ ಮೊದಲು ಕಾಣುತ್ತಿದ್ದುದು ಗುಡ್ಡಗಳ ಮೇಲಿನ ವಿಂಡ್‌ಮಿಲ್ಲುಗಳು, ಅವುಗಳ ಕಾಲಬುಡದಲ್ಲಿ ನಮ್ಮ ಕ್ರಷರ್‌ನ ಬೂದುಬಣ್ಣದ ಧೂಳು.

ಕ್ರಷರ್ ಎಂದರೆ ಇಷ್ಟೇ. ಗುಡ್ಡದ ಮೇಲೆ ಸಾಲಾಗಿ ತೂತು ಕೊರೆದು, ಮದ್ದು ತುಂಬಿ, ಬಂಡೆ ಒಡೆಯುತ್ತಾರೆ. ಒಡೆದದ್ದನ್ನು ಕೆಳಗೆ ತಂದು ಮಿಷನ್ನಿನ ದವಡೆಗೆ ಹಾಕುತ್ತಾರೆ. ಅದು ಅಗಿದು ಜಲ್ಲಿಯನ್ನು ರಬ್ಬರ್ ಬೆಲ್ಟಿನ ಮೇಲೆ ಉಗುಳುತ್ತದೆ. ಬೆಲ್ಟಿನ ಎರಡೂ ಪಕ್ಕ ಹೆಂಗಸರು ನಿಂತು ಮಣ್ಣಿನ ಹೆಂಟೆ ಹೆಕ್ಕಿ ಎಸೆಯುತ್ತಾರೆ. ಲಾರಿ ತುಂಬಿ ನನ್ನ ಕ್ಯಾಬಿನ್ನಿನ ಮುಂದೆ ಬಂದು ನಿಲ್ಲುತ್ತದೆ.

ನನ್ನ ಮೇಜಿನ ಪಕ್ಕ, ಗೋಡೆಯಲ್ಲಿ, ಒಂದು ಕೆಂಪು ಗುಂಡಿ ಇತ್ತು. ಸೈರನ್ನಿನದು. ವಾರಕ್ಕೆರಡು ದಿನ ಸಿಡಿಸುವ ಕೆಲಸ. ಆ ಹೊತ್ತಿಗೆ ಕ್ರಷರ್ ನಿಲ್ಲಿಸುತ್ತಿದ್ದರು, ಲಾರಿಗಳನ್ನು ತಡೆಯುತ್ತಿದ್ದರು. ಗುಡ್ಡದ ಮೇಲಿಂದ ತಿಪ್ಪೇಸಣ್ಣ ಕೆಂಪು ಬಟ್ಟೆ ಬೀಸುತ್ತಿದ್ದ. ನಾನು ಮೊದಲ ಸಲ ಒತ್ತಿದರೆ ಜನ ದೂರ ಹೋಗಬೇಕು. ಎರಡನೆಯದಕ್ಕೆ ಯಾರೂ ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಮೂರನೆಯದು ಕೇಳಿದ ಮೇಲೆ ತಿಪ್ಪೇಸಣ್ಣ ಮದ್ದಿಗೆ ಕರೆಂಟು ಹಾಯಿಸುವ ಕೊನೆಯ ತಂತಿ ಜೋಡಿಸಿ, ಬಂಡೆಯ ಮರೆಗೆ ಹೋಗಿ ಸಿಡಿಸುತ್ತಿದ್ದ. ಮೂರನೆಯ ಸೈರನ್ ಕೇಳದೆ ಅವನು ತಂತಿ ಮುಟ್ಟಿದ್ದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ತಿಪ್ಪೇಸಣ್ಣನಿಗೆ ಅರವತ್ತು ಹತ್ತಿರವಾಗಿತ್ತು. ಲೈಸೆನ್ಸು ಇದ್ದ ಬ್ಲಾಸ್ಟರ್. ಕೆಲಸ ಕಲಿಸಿದವರು ಪೆನುಕೊಂಡದ ಒಬ್ಬ ಉಸ್ತಾದ್. ಅವರು ಹೇಳಿದ್ದ ಕಟ್ಟಳೆಗಳನ್ನು ತಪ್ಪುತ್ತಿರಲಿಲ್ಲ. ಬರಿಗಾಲಲ್ಲೇ ಗುಡ್ಡ ಹತ್ತಬೇಕು. ಮದ್ದು ಮುಟ್ಟುವ ಮುಂಚೆ ಎರಡೂ ಅಂಗೈ ನೆಲಕ್ಕೆ ಊರಬೇಕು. ತುಂಬಿದ ತೂತನ್ನು ಒಂಟಿ ಬಿಟ್ಟು ಹೋಗಬಾರದು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಕ್ರಷರ್‌ನ ಧೂಳು ಗುಡ್ಡದ ಕಡೆ ತಿರುಗಿದ ದಿನ ಮದ್ದನ್ನೇ ತೆಗೆಯಬಾರದು. ಯಾಕೆ ಎಂದು ಉಸ್ತಾದ್ ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ. ಅಂಥ ದಿನ ಬೀಡಿ ಸೇದುತ್ತಾ ಕ್ಯಾಬಿನ್ನಿನ ನೆರಳಲ್ಲಿ ಕೂತುಬಿಡುತ್ತಿದ್ದ. ಕ್ರಷರ್‌ನ ಸಾವುಕಾರರು ಬೈದರೂ ಏಳುತ್ತಿರಲಿಲ್ಲ.

ಅವನ ಹೆಂಡತಿ ಮಾರಕ್ಕ ಬೆಲ್ಟಿನ ಮೇಲೆ ಕೆಲಸ ಮಾಡುತ್ತಿದ್ದಳು. ಚಳಿಗಾಲದ ಒಣಹವೆಯಲ್ಲಿ ಬೆಲ್ಟಿನ ಕಬ್ಬಿಣಕ್ಕೆ ಕೈ ತಗುಲಿದರೆ ಚುರುಕ್ಕೆಂದು ಹೊಡೆಯುತ್ತಿತ್ತು. ಬೆಲ್ಟು ಕಚ್ಚುತ್ತದೆ ಎನ್ನುತ್ತಿದ್ದರು ಹೆಂಗಸರು, ನಾಯಿಯ ಬಗ್ಗೆ ಹೇಳಿದ ಹಾಗೆ. ಕೈಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು.

ಸಂಕ್ರಾಂತಿ ಆದ ವಾರವೇ ಇರಬೇಕು, ದೂರದ ಟೊಂಗಾ ದ್ವೀಪಗಳ ಸಮುದ್ರದೊಳಗೆ ಜ್ವಾಲಾಮುಖಿ ಸಿಡಿದದ್ದು. ಉಪಗ್ರಹ ತೆಗೆದ ಚಿತ್ರ ನನ್ನ ಫೋನಿಗೂ ಬಂತು. ನೀಲಿ ನೀರಿನ ನಡುವೆ ಬೂದಿಯ ಮೋಡ ಕೊಡೆಯ ಹಾಗೆ ಅರಳುತ್ತಿತ್ತು. ಇನ್ನೊಂದು ಚಿತ್ರದಲ್ಲಿ ಅದೇ ಮೋಡದ ತುಂಬ ಮಿಂಚಿನ ಚುಕ್ಕೆಗಳು, ಉಂಗುರದ ಹಾಗೆ ಸುತ್ತುಗಟ್ಟಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾರಕ್ಕನಿಗೆ ತೋರಿಸಿದೆ. ಅವಳು ಬೆರಳಿನಿಂದ ಗಾಜನ್ನು ಮುಟ್ಟಿ, ಕಚ್ಚಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಕೇಳಿದಳು.

“ಬೆಂಕಿ ಉಗುಳೋ ಗುಡ್ಡದಾಗೆ ಸಿಡ್ಲು ಎಲ್ಲಿಂದ ಬತ್ತೈತೆ? ಮಳೆ ಮೋಡ ಅಲ್ಲವಲ್ಲ ಅದು.”

ಎಷ್ಟು ತಿಂಗಳಾಗಿತ್ತೋ ನಾನು ಪಾಠ ಮಾಡಿ. ತಟ್ಟೆ ಪಕ್ಕಕ್ಕಿಟ್ಟು ಎದ್ದೇ ನಿಂತೆ. ಕರಗಿದ ಕಲ್ಲು ಸಿಡಿದು ಹಿಟ್ಟಿನಷ್ಟು ನುಣುಪಾಗಿ ಒಡೆಯುತ್ತದೆ, ಅದೇ ಬೂದಿ ಎಂದೆ. ಒಡೆಯುವಾಗ, ಒಂದಕ್ಕೊಂದು ಉಜ್ಜುವಾಗ, ಕಣಗಳಿಗೆ ಕರೆಂಟು ಅಂಟಿಕೊಳ್ಳುತ್ತದೆ. ಸಣ್ಣ ಕಣಗಳಿಗೆ ಒಂದು ಬಗೆಯದು, ದಪ್ಪ ಕಣಗಳಿಗೆ ಇನ್ನೊಂದು ಬಗೆಯದು. ಸಣ್ಣವು ಬಿಸಿಗಾಳಿಯ ಜೊತೆ ಮೇಲೆ ಹಾರುತ್ತವೆ, ದಪ್ಪನೆಯವು ಕೆಳಗೆ ಬೀಳುತ್ತವೆ. ಎರಡೂ ದೂರವಾದಷ್ಟು ಮತ್ತೆ ಸೇರುವ ತವಕ ಹೆಚ್ಚುತ್ತದೆ. ತಡೆಯಲಾಗದಾಗ ನಡುವಿನ ಗಾಳಿಯನ್ನು ಸೀಳಿಕೊಂಡು ಹಾಯುತ್ತವೆ. ಅದೇ ಮಿಂಚು. ಮೋಡ ಇನ್ನೂ ಎತ್ತರಕ್ಕೆ ಹೋದರೆ ಅದರಲ್ಲಿದ್ದ ನೀರಾವಿ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಮಂಜಿನ ಹರಳುಗಳೂ ಹೀಗೇ ಉಜ್ಜಾಡುತ್ತವೆ, ನಮ್ಮ ಮಳೆಮೋಡದಲ್ಲಿ ನಡೆಯುವ ಹಾಗೆಯೇ. ಆಗ ಬೂದಿಯ ಮೋಡ ನಿಜವಾದ ಗುಡುಗಿನ ಮೋಡವೇ ಆಗಿಬಿಡುತ್ತದೆ.

ತಿಪ್ಪೇಸಣ್ಣ ಮುದ್ದೆ ಮುರಿಯುವುದನ್ನು ನಿಲ್ಲಿಸಿದ್ದ. “ಅಂಗಾರೆ ನಮ್ ಧೂಳ್ನಾಗೂ ಸಿಡ್ಲು ಐತೆ ಅನ್ನಿ ಮೇಡಮ್ಮು.”

ನಾನು ನಕ್ಕೆ. ಇದು ಚೆನ್ನಾಗಿ ನೆನಪಿದೆ, ನೆನಪಿರಬಾರದಿತ್ತು ಅನ್ನಿಸುವಷ್ಟು. “ಅದಕ್ಕೆ ಮೈಲಿಗಟ್ಟಲೆ ಮೇಲಕ್ಕೆ ಹೋಗ್ಬೇಕು ಅಣ್ಣ. ನಮ್ಮ ಧೂಳು ಆ ವಿಂಡ್‌ಮಿಲ್ ರೆಕ್ಕೆ ತನಕಾನೂ ಹೋಗಲ್ಲ.”

“ಎತ್ತರ ಹೋಗ್ದಿದ್ರೆ ನನ್ ಕೈ ಯಾಕೆ ಕಚ್ಚತೈತೆ?” ಎಂದಳು ಮಾರಕ್ಕ.

ಅದು ಚಿಕ್ಕದು ಎಂದೆ. ಚಿಕ್ಕದಕ್ಕೂ ದೊಡ್ಡದಕ್ಕೂ ಸಂಬಂಧ ಏನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಪ್ಪೇಸಣ್ಣ ಇನ್ನೊಂದು ಮಾತು ಕೇಳಿದ: ಹಾಗಾದರೆ ಉಸ್ತಾದ್ ಹೇಳಿದ್ದು ಸುಮ್ಮನೆಯಾ? ಹಿರಿಯರು ಹೆದರಿಕೆಯಿಂದ ಏನೇನೋ ಕಟ್ಟಳೆ ಮಾಡಿಕೊಂಡಿರುತ್ತಾರೆ ಎಂದೆ. ಹಾಗೆಂದಾಗ ನನ್ನ ದನಿ ಕ್ಲಾಸಿನ ದನಿಯೇ ಆಗಿತ್ತು.

ಆ ಪಾಠದಲ್ಲಿ ನಾನು ಬಿಟ್ಟದ್ದು ಇದು. ಜ್ವಾಲಾಮುಖಿಯ ಬಾಯಲ್ಲೇ, ಬೂದಿ ಹೊರಬರುವ ಕ್ಷಣದಲ್ಲೇ, ಮಂಜಿಲ್ಲದೆ, ಎತ್ತರವಿಲ್ಲದೆ, ಬರೀ ಉಜ್ಜಾಟಕ್ಕೇ ಸಾವಿರಾರು ಸಣ್ಣ ಕಿಡಿಗಳು ಹಾರುತ್ತವೆ. ಎತ್ತರದ ಮಿಂಚು ಹುಟ್ಟುವುದು ಅದಾದ ಮೇಲೆ. ಇದು ನನಗೆ ಆಗಲೇ ಗೊತ್ತಿತ್ತೋ ಇಲ್ಲವೋ? ಆ ವಾರ ಅದರ ಬಗ್ಗೆ ಒಂದು ಲೇಖನ ಫೋನಿನಲ್ಲಿ ತೆರೆದಿದ್ದೆ. ಕೊನೆಯವರೆಗೆ ಓದಿದ್ದೆನೋ, ಲಾರಿ ಬಂತೆಂದು ಮುಚ್ಚಿದ್ದೆನೋ ಗೊತ್ತಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂದು ಕೆಲವು ದಿನ ಅನ್ನಿಸುತ್ತದೆ. ಗೊತ್ತಿರಲಿಲ್ಲ ಎನ್ನುವುದು ಅನುಕೂಲದ ನೆನಪು, ಹಾಗಾಗಿ ಅದರ ಮೇಲೆ ನನಗೆ ಸಂಶಯ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಧೂಳು ಗುಡ್ಡದ ಕಡೆ ತಿರುಗಿತು. ತಿಪ್ಪೇಸಣ್ಣ ಕೂರಲಿಲ್ಲ. ಬೀಡಿ ಆರಿಸಿ ಗುಡ್ಡ ಹತ್ತಿದ. ಡ್ರಿಲ್ಲಿಂಗ್ ಮಾಡುವವರು ಬೆರಗಾಗಿ ಕೇಳಿದ್ದಕ್ಕೆ, ಮೇಡಮ್ಮು ಹೇಳವ್ರೆ, ನಮ್ಮ ಧೂಳು ಅಷ್ಟೆತ್ತರ ಹೋಗಲ್ಲ ಎಂದನಂತೆ. ಅವತ್ತು ಏನೂ ಆಗಲಿಲ್ಲ. ಇನ್ನೊಂದು ದಿನ ಹಾಗೇ ತುಂಬಿದ, ಅವತ್ತೂ ಏನೂ ಆಗಲಿಲ್ಲ. ನನಗೆ ಹೆಮ್ಮೆಯಾಯಿತು. ಕಾಲೇಜು ಬೇಡವೆಂದ ನನ್ನ ಪಾಠವನ್ನು ಇಲ್ಲೊಬ್ಬ ಬರಿಗಾಲಿನ ಮನುಷ್ಯ ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತುತ್ತಿದ್ದ. ಈ ಹೆಮ್ಮೆಯ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ.

ಉಗಾದಿ ಕಳೆದು ಮೂರೋ ನಾಲ್ಕೋ ವಾರ ಆಗಿತ್ತು. ಕಬ್ಬಿಣದ ಬಾಗಿಲು ಮುಟ್ಟಲಾಗದಷ್ಟು ಬಿಸಿಲು. ಬೆಳಿಗ್ಗೆಯೇ ತೂತುಗಳಿಗೆ ಮದ್ದು ತುಂಬಿ ಆಗಿತ್ತು. ಮೂರು ಗಂಟೆಯ ಹೊತ್ತಿಗೆ ಪಾವಗಡದ ದಿಕ್ಕಿನಲ್ಲಿ ಆಕಾಶ ಕಂದಿತು. ಮಳೆಗೆ ಮುಂಚೆ ಬರುವ ಬಿರುಗಾಳಿ ನುಗ್ಗಿ, ಜಲ್ಲಿಪುಡಿಯ ರಾಶಿಯನ್ನೇ ಎತ್ತಿಕೊಂಡು ಗುಡ್ಡದ ಕಡೆ ಹೊರಟಿತು. ಕ್ರಷರ್ ಆಗಲೇ ನಿಲ್ಲಿಸಿದ್ದರು. ಲಾರಿಯವರೆಲ್ಲ ರಸ್ತೆಯ ಕಡೆ ಹೋಗಿದ್ದರು. ದೂರದಲ್ಲಿ ಗುಡುಗು. ಮಾರಕ್ಕ ಶೆಡ್ಡಿನಲ್ಲಿದ್ದ ಹಾರೆಯನ್ನು ತಂದು ಅಂಗಳಕ್ಕೆ ಎಸೆದಳು. ಗುಡುಗಿದಾಗ ಕಬ್ಬಿಣ ಹೊರಗೆಸೆದರೆ ಸಿಡಿಲು ಮನೆಗೆ ಬರುವುದಿಲ್ಲವೆಂದು ಅಲ್ಲಿಯ ನಡವಳಿಕೆ. ಅವಳ ಕಣ್ಣು ಮಾತ್ರ ಗುಡ್ಡದ ಮೇಲಿತ್ತು.

ಮಳೆ ಬಿದ್ದರೆ ಮದ್ದು ಹಾಳು. ತಿಪ್ಪೇಸಣ್ಣ ಅವಸರದಿಂದ ಬಟ್ಟೆ ಬೀಸಿದ. ಮೊದಲ ಸಲ ಒತ್ತಿದೆ, ಕೂಗಿತು. ಎರಡನೆಯ ಸಲ ಒತ್ತಿದೆ, ಕೂಗಿತು. ಅಷ್ಟರಲ್ಲಿ ಮಾರಕ್ಕ ರಸ್ತೆಗೆ ಹೋಗದೆ ನನ್ನ ಕ್ಯಾಬಿನ್ನಿಗೇ ಓಡಿ ಬಂದಳು. ಬಾಗಿಲಿನ ಹಿಡಿಗೆ ಕೈ ಹಾಕಿದಳು.

ಕಿಡಿ ಹಾರಿದ್ದನ್ನು ನಾನು ಕಂಡೆ. ಅವಳ ಬೆರಳಿಗೂ ಹಿಡಿಗೂ ನಡುವೆ, ಹಗಲಲ್ಲೂ ಕಾಣುವಂಥ ನೀಲಿ ಗೆರೆ. ಬೆಲ್ಟು ಓಡುತ್ತಿರಲಿಲ್ಲ. ಕ್ರಷರ್ ನಿಂತಿತ್ತು. ಇದ್ದದ್ದು ಗಾಳಿ ಮತ್ತು ಕಲ್ಲಿನ ಪುಡಿ ಎರಡೇ. ಆ ವಾಸನೆ ಬಂತು.

“ನೋಡು, ಮತ್ತೆ ಕಚ್ತು” ಎಂದಳು. ಕೂಗಲಿಲ್ಲ. ಸೋತವರ ದನಿಯಲ್ಲಿ ಹೇಳಿದಳು.

ಎತ್ತರ ಬೇಕಿಲ್ಲ ಎಂದು ಆಗ ನನಗೆ ತಿಳಿಯಿತು, ಅಥವಾ ತಿಳಿದದ್ದು ನೆನಪಾಯಿತು. ಮದ್ದಿಗೆ ಕಿಡಿ ಮುಟ್ಟಿಸಲು ಈ ಧೂಳೇ ಸಾಕು. ಅದು ಹೋಗುತ್ತಿದ್ದುದು ತಂತಿಗಳಿಗೆ ಬಾಗಿ ನಿಂತ ಮನುಷ್ಯನ ಕಡೆಗೆ. ಗುಡ್ಡದ ಮೇಲೆ ಕೆಂಪು ಬಟ್ಟೆ ಮೂರನೆಯದಕ್ಕಾಗಿ ಬೀಸುತ್ತಿತ್ತು. ಸೈರನ್ ಕೂಗಿದರೆ ಅವನು ತಂತಿಗೆ ಕೈ ಹಾಕುತ್ತಾನೆ. ಕೂಗದಿದ್ದರೆ ತುಂಬಿದ ತೂತುಗಳನ್ನು ಬಿಟ್ಟು ಬರುವವನಲ್ಲ, ಅಲ್ಲೇ ಕಾಯುತ್ತಾನೆ. ಮದ್ದಿನ ಹತ್ತಿರ ಫೋನು ಒಯ್ಯುವಂತಿರಲಿಲ್ಲ, ಆ ಗಾಳಿಯಲ್ಲಿ ಕೂಗಿದರೂ ಕೇಳುವಂತಿರಲಿಲ್ಲ. ಒತ್ತಿದರೂ ಅವನಿಗೆ ಕೇಡು, ಒತ್ತದಿದ್ದರೂ ಕೇಡು.

ಸೈರನ್ ಕೂಗಲಿಲ್ಲ. ಇದಿಷ್ಟು ಖಚಿತ. ಎಲ್ಲರೂ ಕೇಳಿದ್ದು, ಅಂದರೆ ಕೇಳದೇ ಇದ್ದದ್ದು, ಇದೇ.

ಯಾಕೆ ಕೂಗಲಿಲ್ಲ? ಒಂದು ನೆನಪಿನಲ್ಲಿ ನನ್ನ ಕೈ ಗುಂಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿದೆ, ಬೇಕೆಂದೇ. ಇನ್ನೊಂದರಲ್ಲಿ ನಾನು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದೇನೆ, ಕರೆಂಟು ಹೋಗಿದೆ. ಬಿರುಗಾಳಿ ಬಂದರೆ ಆ ಕಡೆ ಕರೆಂಟು ತೆಗೆಯುವುದು ರೂಢಿ. ಕಂಪ್ಯೂಟರ್ ಬ್ಯಾಟರಿಯ ಮೇಲೆ ಓಡುತ್ತಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಫ್ಯಾನು ತಿರುಗುತ್ತಿತ್ತೇ ಎಂದು ಕೇಳಿಕೊಂಡರೆ, ಕಿಟಕಿಯಿಂದ ನುಗ್ಗಿದ ಗಾಳಿ ಬಿಟ್ಟು ಬೇರೇನೂ ನೆನಪಿಲ್ಲ. ಮೂರನೆಯ ನೆನಪೂ ಒಂದಿದೆ. ಅದರಲ್ಲಿ ನಾನು ಏನನ್ನೂ ನಿರ್ಧರಿಸದೆ, ಕೈ ಎತ್ತಲಾಗದೆ, ಸುಮ್ಮನೆ ನಿಂತಿದ್ದೇನೆ. ನಿಜ ಇದೇ ಇರಬಹುದು. ಇದನ್ನು ಯಾರೂ ಕೇಳಲು ಇಷ್ಟಪಡುವುದಿಲ್ಲ.

ತಿಪ್ಪೇಸಣ್ಣ ಕಾದ. ಬಟ್ಟೆ ಬೀಸಿ ಬೀಸಿ ಸಾಕಾಗಿ, ಯಾವುದೋ ಲಾರಿ ಒಳಗೆ ಬಂದಿರಬೇಕೆಂದುಕೊಂಡು, ಗುಡ್ಡದ ದಾರಿಯ ತಿರುವಿನವರೆಗೆ ನೋಡಿ ಬರೋಣವೆಂದು ಇಳಿದ. ಹುಟ್ಟಿದಾಗಿನಿಂದ ಮೊದಲ ಸಲ ತುಂಬಿದ ತೂತುಗಳಿಗೆ ಬೆನ್ನು ಹಾಕಿದೆ ಎಂದು ಆಮೇಲೆ ಹೇಳಿದ. ನನ್ನನ್ನು ಬೈಯುತ್ತಾ ಬರುತ್ತಿದ್ದನಂತೆ, ತೆಲುಗಿನಲ್ಲಿ, ಯಾಕೆಂದರೆ ಅವನ ಬಳಿ ಒಳ್ಳೆಯ ಬೈಗುಳ ಇದ್ದದ್ದು ಅದರಲ್ಲೇ. ತಿರುವಿನಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಅದರ ಮರೆಗೆ ಬಂದದ್ದೇ ತಡ, ಅವನ ಹಿಂದೆ ಗುಡ್ಡ ಎದ್ದಿತು.

ತೂತುಗಳು ತಾವಾಗಿಯೇ ಸಿಡಿದವು. ಟ್ಯಾಂಕರಿನ ಒಂದು ಪಕ್ಕ ಪೂರ್ತಿ ಚಪ್ಪಟೆಯಾಯಿತು. ಕರೆಂಟಿನ ಕಂಬ ಉರುಳಿತು, ಅದಕ್ಕೆ ಮುಂಚೆ ಕರೆಂಟು ಇತ್ತೇ ಎಂದು ತಿಳಿಯುವ ದಾರಿಯೂ ಹೋಯಿತು. ತಿಪ್ಪೇಸಣ್ಣನ ಎಡಗಿವಿ ಅವತ್ತೇ ಹೋಯಿತು, ಭುಜಕ್ಕೆ ಚೂರು ನೆಟ್ಟಿತ್ತು, ಅಷ್ಟೇ. ಮಾರಕ್ಕ ಅವನ ಹತ್ತಿರ ಓಡಿ ಹೋಗಿ, ಮೈ ಕೈ ಎಲ್ಲ ತಡವಿ ನೋಡಿ, ಆಮೇಲೆ ಕೆನ್ನೆಗೆ ಒಂದು ಬಾರಿಸಿದಳು. ಮಳೆ ಬರಲೇ ಇಲ್ಲ. ನಾಲ್ಕು ಹನಿ ಬಿದ್ದು ಮೋಡ ಮುಂದಕ್ಕೆ ಹೋಯಿತು.

ನೋಡಲು ಬಂದ ಅಧಿಕಾರಿಗಳು ಸಿಡಿಲು ಬಡಿದು ಹೀಗಾಯಿತೆಂದು ಬರೆದುಕೊಂಡರು. ಆ ಕ್ಷಣ ಸಿಡಿಲು ಕಂಡವರು ಯಾರೂ ಇರಲಿಲ್ಲ, ಕಾಣಲಿಲ್ಲ ಎನ್ನಲು ಧೈರ್ಯವಿದ್ದವರೂ ಇರಲಿಲ್ಲ. ಜನ ಇನ್ನೊಂದು ಕಥೆ ಕಟ್ಟಿದರು. ಮೇಡಮ್ಮು ಓದಿದೋರು, ಮೊದಲೇ ತಿಳಿದು ಸೈರನ್ ತಡೆದರು, ಮನುಷ್ಯನನ್ನು ಉಳಿಸಿದರು. ಸಾವುಕಾರರು ನನಗೆ ಶಾಲು ಹೊದಿಸಿದರು. ಬೇಡ ಎನ್ನಲಿಲ್ಲ.

ಹತ್ತು ದಿನ ಬಿಟ್ಟು ತಿಪ್ಪೇಸಣ್ಣನ ಊರಿಗೆ ಹೋದೆ. ಕಲ್ಯಾಣದುರ್ಗದಿಂದ ಆಟೋದಲ್ಲಿ ಅರ್ಧ ಗಂಟೆ. ಕಿವಿಗೆ ಹತ್ತಿ ತುರುಕಿಕೊಂಡು ಜಗಲಿಯ ಮೇಲೆ ಕೂತಿದ್ದ. ನಾನು ಬಲಗಡೆಗೆ ಹೋಗಿ ಕೂತೆ. ಬಂದ ಕೆಲಸವನ್ನು ಮೊದಲೇ ಮುಗಿಸೋಣವೆಂದು, ಅವತ್ತಿನ ನನ್ನ ಪಾಠ ಅರ್ಧವಾಗಿತ್ತು, ಉಸ್ತಾದ್ ಹೇಳಿದ್ದೇ ಸರಿ, ಎತ್ತರಕ್ಕೆ ಹೋಗಬೇಕಿಲ್ಲ, ಬೆಂಕಿ ಗುಡ್ಡದ ಬಾಯಲ್ಲೇ ಕಿಡಿ ಹಾರುತ್ತದೆ ಎಂದು ಹೇಳಿದೆ. ಅವನು ಕೇಳಿಸಿಕೊಂಡ. ಹೋಗಲಿ ಬಿಡು ಎನ್ನುವ ಹಾಗೆ ಕೈ ಆಡಿಸಿದ. ಅವನಿಗೆ ಬೇಕಾಗಿದ್ದುದು ಬೇರೆ.

ಸಾವುಕಾರರು ಹೇಳಿ ಕಳಿಸಿದ್ದರಂತೆ, ಸೋಮವಾರದಿಂದ ಬಾ ಎಂದು. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕೆಲಸ ಶುರುವಾಗುತ್ತದೆ. ಮಾರಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಜ್ಜಿಗೆಯ ಲೋಟ, ಅದನ್ನು ನನಗೆ ಕೊಡುವುದನ್ನು ಮರೆತಿದ್ದಳು.

“ಒಂದ್ ಮಾತು ಕೇಳ್ತೀನಿ ತಾಯಿ” ಎಂದ ತಿಪ್ಪೇಸಣ್ಣ. “ಮೂರನೇದು ನೀನೇ ಬೇಕಂತ ಒತ್ತಲಿಲ್ವಾ? ಇಲ್ಲಾ ಕರೆಂಟ್ ಹೋಗಿತ್ತಾ?”

ಯಾಕೆ ಎಂದೆ.

“ನೀನೇ ತಡೆದಿದ್ರೆ ಸೋಮವಾರ ಹೋಯ್ತೀನಿ. ಕೆಳಗೆ ನೋಡೋ ಕಣ್ಣು ಒಂದೈತೆ ಅಂತ ಧೈರ್ಯ. ಸುಮ್ನೆ ಕರೆಂಟ್ ಹೋಗಿ ಬದುಕಿದ್ರೆ ಇನ್ ಆ ಮದ್ದು ಮುಟ್ಟಾಕಿಲ್ಲ ಕಣಮ್ಮ. ದಿನಾ ಯಾರ್ ಬಂದು ಕರೆಂಟ್ ತೆಗಿತಾರೆ?”

ಅವನ ಬಲಗಿವಿ ನನ್ನ ಕಡೆ ತಿರುಗಿತ್ತು. ಶಾಲು ಹೊದ್ದು ಹತ್ತು ದಿನ ಒಪ್ಪಿಕೊಂಡಿದ್ದ ಮಾತನ್ನೇ ಇಲ್ಲೂ ಹೇಳಬಹುದಿತ್ತು. ಹೇಳಿದ್ದರೆ ಅವನು ನನ್ನ ಕಣ್ಣಿನ ಮೇಲೆ ಭಾರ ಹಾಕಿ ಗುಡ್ಡ ಹತ್ತುತ್ತಿದ್ದ, ಹಿಂದೆ ನನ್ನ ಪಾಠದ ಮೇಲೆ ಭಾರ ಹಾಕಿ ಹತ್ತಿದ ಹಾಗೆ. ಮಾರಕ್ಕ ನನ್ನನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಲಿಲ್ಲ, ಸನ್ನೆ ಮಾಡಲಿಲ್ಲ.

“ಕರೆಂಟ್ ಹೋಗಿತ್ತು, ತಿಪ್ಪೇಸಣ್ಣ. ನಾನು ಒತ್ತಿದೆ.”

ಅವನು ಕಿವಿಯ ಹತ್ತಿಯನ್ನು ಒಳಕ್ಕೆ ಒತ್ತಿಕೊಂಡ. ಆಮೇಲೆ ಸರಿ ಎಂದ. ಇನ್ನೊಂದು ಸಲ, ತೆಲುಗಿನಲ್ಲಿ, ಸರೇಲೆ ಎಂದ. ಎದ್ದು ಕೊಟ್ಟಿಗೆಯ ಕಡೆ ಹೋಗಿ ಆಡಿನ ಹಗ್ಗ ಬಿಚ್ಚತೊಡಗಿದ. ಸೋಮವಾರ ಅವನು ಬರಲಿಲ್ಲ. ಮುಂದೆಯೂ ಬರಲಿಲ್ಲ. ಆ ತಿಂಗಳ ಕೊನೆಗೆ ನಾನೂ ಕೆಲಸ ಬಿಟ್ಟೆ. ಈಗ ಅವನಿಗೆ ಆ ಕೆಲಸಕ್ಕೆ ಯಾರೂ ಕರೆಯದಷ್ಟು ವಯಸ್ಸಾಗಿದೆ, ಇನ್ನೊಂದು ಕಿವಿಯೂ ಮಂದವಾಗಿದೆಯಂತೆ. ಇನ್ನು ನಾನು ಏನು ಹೇಳಿದರೂ ಅವನು ಗುಡ್ಡ ಹತ್ತಲಾರ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಮಾರಕ್ಕ ನನ್ನ ಜೊತೆ ರಸ್ತೆಯವರೆಗೆ ಬಂದಳು. ಆಟೋ ಬರುವುದು ತಡವಾಯಿತು. ಬೇಸಾಯದ ಮಾತು, ಅವಳ ತಂಗಿಯ ಮಾತು ಏನೇನೋ ಆಡಿದೆವು. ಆಟೋ ಕಂಡಾಗ ನನ್ನ ಮುಂಗೈ ಹಿಡಿದುಕೊಂಡಳು.

“ನೀನ್ ಹೇಳಿದ್ದು ನಿಜಾನೋ ಸುಳ್ಳೋ ನಂಗ್ ಬ್ಯಾಡ ಕಣಮ್ಮ” ಎಂದಳು. “ಇನ್ ಯಾರ್ ಕೇಳಿದ್ರೂ ಅದ್ನೇ ಹೇಳು. ನಿನ್ನ ನೀನೇ ಕೇಳ್ಕಂಡ್ರೂ ಅದ್ನೇ ಹೇಳು.”

ಹೇಳುತ್ತಾ ಬಂದಿದ್ದೇನೆ, ಇವತ್ತಿನ ತನಕ.